ಜಾವಾದ ಮೂರು ಚುಕ್ಕೆಗಳು

(ಬಿ.ಸಿ.ಎ. ಹಾಗೂ ಬಿ.ಎಸ್ಸಿ. ಗಣಕ ವಿಜ್ಞಾನದ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದು ನಾನು ಮಾತನಾಡಲು ಆರಿಸಿಕೊಂಡಿರುವ ವಿಷಯ ಬಹಳ ಚಿಕ್ಕದು. ಜಾವಾ ಭಾಷೆಯಲ್ಲಿ ಒಂದು ಮೆಥಡ್ ಬರೆಯುವಾಗ ಕೊನೆಯ ಪ್ಯಾರಾಮೀಟರಿನ ಜಾತಿ ಮತ್ತು ಹೆಸರಿನ ನಡುವೆ ಇಡಬಹುದಾದ ಮೂರು ಚುಕ್ಕೆಗಳು. ಪಠ್ಯಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ ಸಿಕ್ಕರೆ ಹೆಚ್ಚು. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಆದರೆ ಈ ಮೂರು ಚುಕ್ಕೆಗಳನ್ನು ಸರಿಯಾಗಿ ತಿಳಿಯದೆ ಬರೆದ ಪ್ರೋಗ್ರಾಂ ಒಬ್ಬ ಅರ್ಹ ವಿದ್ಯಾರ್ಥಿಯ ಹೆಸರನ್ನು ವಿದ್ಯಾರ್ಥಿವೇತನದ ಪಟ್ಟಿಯಿಂದ ಸದ್ದಿಲ್ಲದೆ ಬಿಟ್ಟುಬಿಡಬಹುದು. ಯಾವ ದೋಷ ಸಂದೇಶವೂ ಬರುವುದಿಲ್ಲ, ಪರದೆ ಕೆಂಪಾಗುವುದಿಲ್ಲ. ಅದು ಹೇಗೆ ಎಂಬುದನ್ನು ತೋರಿಸುವುದೇ ನನ್ನ ಉದ್ದೇಶ.

ಮೊದಲು ಒಂದು ಸೂಚನೆ. ಇಂಟ್, ಡಬಲ್, ಸ್ಟ್ರಿಂಗ್ ಮುಂತಾದ ಜಾವಾ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕೀಬೋರ್ಡಿನಲ್ಲಿ ಅವನ್ನು ಇಂಗ್ಲಿಷಿನಲ್ಲೇ ಒತ್ತಬೇಕು. ಆದರೆ ನಾವು ಇಡುವ ಹೆಸರುಗಳಿಗೆ ಆ ಕಟ್ಟುಪಾಡಿಲ್ಲ. ಜಾವಾ ಯೂನಿಕೋಡನ್ನು ಒಪ್ಪುವ ಭಾಷೆಯಾದ್ದರಿಂದ ಒಂದು ಮೆಥಡಿಗೆ 'ಸರಾಸರಿ' ಎಂದು ಕನ್ನಡ ಅಕ್ಷರಗಳಲ್ಲೇ ಹೆಸರಿಟ್ಟರೂ ಕಂಪೈಲರ್ ತಕರಾರು ಮಾಡುವುದಿಲ್ಲ. ಮನೆಗೆ ಹೋಗಿ ಪರೀಕ್ಷಿಸಿ ನೋಡಿ, ಖುಷಿಯಾಗುತ್ತದೆ.

ಈ ಸೌಲಭ್ಯ ಜಾವಾದಲ್ಲಿ ಮೊದಲಿನಿಂದ ಇರಲಿಲ್ಲ. ಮೂರು ವಿಷಯಗಳ ಅಂಕಗಳ ಸರಾಸರಿ ಬೇಕಾದರೆ ಮೂರು ಪ್ಯಾರಾಮೀಟರಿನ ಮೆಥಡ್, ನಾಲ್ಕಕ್ಕೆ ನಾಲ್ಕು ಪ್ಯಾರಾಮೀಟರಿನ ಇನ್ನೊಂದು ಮೆಥಡ್ ಬರೆಯಬೇಕಿತ್ತು. ಇಲ್ಲವೆಂದರೆ ಒಂದು ಅರೇ ತಯಾರಿಸಿ, ಅಂಕಗಳನ್ನು ಅದರಲ್ಲಿ ತುಂಬಿಸಿ ಕಳುಹಿಸಬೇಕಿತ್ತು. ಸಂದೇಶಗಳನ್ನು ಜೋಡಿಸಿ ಕೊಡುವ ಮೆಸೇಜ್‌ಫಾರ್ಮ್ಯಾಟ್ ಎಂಬ ಕ್ಲಾಸ್ ಆಗಲೇ ಇತ್ತು. ಅದಕ್ಕೆ ಒಂದು ಸಂಖ್ಯೆ ಕೊಡಬೇಕಾದರೂ ಮೊದಲು ಅದನ್ನು ಇಂಟಿಜರ್ ಆಬ್ಜೆಕ್ಟ್ ಆಗಿ ಸುತ್ತಿ, ಆ ಆಬ್ಜೆಕ್ಟನ್ನು ಅರೇಯಲ್ಲಿ ಇಟ್ಟು, ಆಮೇಲೆ ಕೊಡಬೇಕಿತ್ತು. ಸಿ ಭಾಷೆಯಿಂದ ಬಂದವರಿಗೆ ತಮ್ಮ ಪ್ರಿಂಟ್‌ಎಫ್ ಇಲ್ಲಿ ಇಲ್ಲದಿರುವುದು ದೊಡ್ಡ ಕೊರತೆಯಾಗಿ ಕಾಣುತ್ತಿತ್ತು.

2004ರ ಸೆಪ್ಟೆಂಬರ್ 30ರಂದು ಸನ್ ಮೈಕ್ರೋಸಿಸ್ಟಮ್ಸ್ ಬಿಡುಗಡೆ ಮಾಡಿದ ಜಾವಾ 5 ಈ ಕೊರತೆ ನೀಗಿಸಿತು. 'ಟೈಗರ್' ಎಂಬ ಅಡ್ಡಹೆಸರಿನ ಆ ಆವೃತ್ತಿಯಲ್ಲಿ ಜೆನೆರಿಕ್ಸ್, ಇನಮ್, ಆಟೋಬಾಕ್ಸಿಂಗ್ ಇವುಗಳ ಜೊತೆಯಲ್ಲಿ ವೇರಿಯಬಲ್ ಆರ್ಗ್ಯುಮೆಂಟ್ಸ್, ಚಿಕ್ಕದಾಗಿ ವಾರ್‌ಆರ್ಗ್ಸ್, ಬಂದವು. ಪ್ರಿಂಟ್‌ಎಫ್ ಸಹ ಅದೇ ಆವೃತ್ತಿಯಲ್ಲಿ ಬಂತು. ಈಗ ನಾವು ಹೀಗೆ ಬರೆಯಬಹುದು:

ಡಬಲ್ ಸರಾಸರಿ(ಇಂಟ್... ಅಂಕಗಳು)

ಕರೆಯುವವರು ಎರಡು ಅಂಕ ಕೊಡಲಿ, ಆರು ಕೊಡಲಿ, ಒಂದೇ ಮೆಥಡ್ ಸಾಕು. ನಿಯಮಗಳು ಎರಡೇ. ಚುಕ್ಕೆಗಳಿರುವ ಪ್ಯಾರಾಮೀಟರ್ ಕೊನೆಯದಾಗಿರಬೇಕು. ಒಂದು ಮೆಥಡಿನಲ್ಲಿ ಒಂದೇ ಇರಬೇಕು. ಎರಡಿದ್ದರೆ ಮೊದಲನೆಯದು ಎಲ್ಲಿ ಮುಗಿಯಿತು, ಎರಡನೆಯದು ಎಲ್ಲಿ ಶುರುವಾಯಿತು ಎಂದು ಹೇಳುವವರು ಯಾರು?

ಇನ್ನು ಒಳಗೆ ನಡೆಯುವುದೇನು? ಇದನ್ನು ಅಂಗಡಿಯ ಉದಾಹರಣೆಯಿಂದ ಹೇಳುತ್ತೇನೆ. ನೀವು ಅಂಗಡಿಯಲ್ಲಿ ಬೇಳೆ, ಸಕ್ಕರೆ, ಸಾಬೂನು ಬಿಡಿಬಿಡಿಯಾಗಿ ಕೇಳುತ್ತೀರಿ. ಅಂಗಡಿಯವರು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಕೊಡುತ್ತಾರೆ. ಮನೆಗೆ ತಲಪುವುದು ಚೀಲ. ಇಲ್ಲಿ ಅಂಗಡಿಯವರ ಕೆಲಸ ಮಾಡುವುದು ಕಂಪೈಲರ್, ಚೀಲ ಎಂದರೆ ಅರೇ. ನೀವು 70, 82, 65 ಎಂದು ಬಿಡಿಯಾಗಿ ಬರೆದಿರಿ; ಕಂಪೈಲರ್ ಮೂರು ಸ್ಥಾನಗಳ ಹೊಸ ಅರೇ ಮಾಡಿ ಅವನ್ನು ತುಂಬಿಸಿ ಕಳುಹಿಸಿತು. ಮೆಥಡಿನ ಒಳಗೆ 'ಅಂಕಗಳು' ಎಂಬುದು ಒಂದು ಸಾಮಾನ್ಯ ಅರೇ. ಅದಕ್ಕೆ ಲೆಂಗ್ತ್ ಇದೆ, ಫಾರ್ ಲೂಪಿನಲ್ಲಿ ಸುತ್ತಬಹುದು. ಹೊಸ ಯಂತ್ರವಿದ್ಯೆ ಏನೂ ಇಲ್ಲ. ಇನ್ನೊಂದು ಮಾತು ನೆನಪಿಡಿ: ನೀವೇ ಚೀಲ ತಂದಿದ್ದರೆ, ಅಂದರೆ ತಯಾರಾದ ಇಂಟ್ ಅರೇಯನ್ನೇ ಕೊಟ್ಟರೆ, ಕಂಪೈಲರ್ ಹೊಸ ಚೀಲ ಕೊಡುವುದಿಲ್ಲ. ನಿಮ್ಮ ಚೀಲವೇ ಒಳಗೆ ಹೋಗುತ್ತದೆ.

ಸಿ ಭಾಷೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿಯೇ ಇದೆ. ಸಿಯಲ್ಲಿ ಸಹ ಮೂರು ಚುಕ್ಕೆಗಳಿವೆ. ಆದರೆ ಕರೆಸಿಕೊಂಡ ಫಂಕ್ಷನ್ನಿಗೆ ಎಷ್ಟು ಆರ್ಗ್ಯುಮೆಂಟುಗಳು ಬಂದವು, ಅವು ಯಾವ ಜಾತಿಯವು ಎಂದು ತಿಳಿಯುವ ಮಾರ್ಗವೇ ಇಲ್ಲ. ಪ್ರಿಂಟ್‌ಎಫ್ ತನ್ನ ಮೊದಲ ಆರ್ಗ್ಯುಮೆಂಟಿನಲ್ಲಿರುವ ಶೇಕಡಾ ಚಿಹ್ನೆಗಳನ್ನು ಎಣಿಸಿ, 'ಇಷ್ಟು ಬಂದಿರಬೇಕು' ಎಂದು ನಂಬಿ ಮುಂದುವರಿಯುತ್ತದೆ. ಬಳಕೆದಾರರು ಟೈಪ್ ಮಾಡಿದ ಮಾತನ್ನೇ ಆ ಮೊದಲ ಸ್ಥಾನಕ್ಕೆ ಕೊಟ್ಟುಬಿಟ್ಟರೆ, ದುರುದ್ದೇಶದವರು ಅದರಲ್ಲಿ ಶೇಕಡಾ ಚಿಹ್ನೆಗಳನ್ನು ಸೇರಿಸಿ ಕಂಪ್ಯೂಟರಿನ ಸ್ಮೃತಿಯನ್ನು ಓದಬಹುದು, ಅದರಲ್ಲಿ ಬರೆಯಲೂಬಹುದು. 1999-2000ರ ಸುಮಾರಿಗೆ ಈ ದೋಷದ ಗಾಂಭೀರ್ಯ ಜಗತ್ತಿಗೆ ತಿಳಿಯಿತು. ಹಲವು ಸರ್ವರ್ ತಂತ್ರಾಂಶಗಳನ್ನು ತಿದ್ದಬೇಕಾಯಿತು. ಸಿಯಲ್ಲಿ ಸ್ಮೃತಿಗೆ ಬರೆಯಲು ಬಳಸಲಾದ 'ಶೇಕಡಾ ಎನ್' ಜಾವಾದಲ್ಲಿ ಕೇವಲ ಹೊಸ ಸಾಲು ಎಂಬ ಅರ್ಥ ಕೊಡುತ್ತದೆ.

ಜಾವಾದಲ್ಲಿ ಚೀಲಕ್ಕೆ ಲೆಕ್ಕ ಇದೆ. ಪ್ರಿಂಟ್‌ಎಫ್‌ಗೆ ಆರ್ಗ್ಯುಮೆಂಟ್ ಕಡಿಮೆ ಬಿದ್ದರೆ ಓಡುವಾಗ ಎಕ್ಸೆಪ್ಷನ್ ಬರುತ್ತದೆ. ಹೆಚ್ಚಾಗಿ ಕೊಟ್ಟರೆ? ಉಳಿದದ್ದನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಹೆಸರು, ತರಗತಿ, ಮೊತ್ತ ಮೂರನ್ನೂ ಕೊಟ್ಟು, ಮಾದರಿಯಲ್ಲಿ ಎರಡೇ ಶೇಕಡಾ ಚಿಹ್ನೆ ಬರೆದಿದ್ದರೆ ಮೊತ್ತ ಮುದ್ರಣವಾಗುವುದೇ ಇಲ್ಲ, ತಪ್ಪೆಂದು ಹೇಳುವವರೂ ಇಲ್ಲ.

ಈಗ ವಿದ್ಯಾರ್ಥಿವೇತನದ ಲೆಕ್ಕಕ್ಕೆ ಬರೋಣ. ಒಂದು ಸಂಸ್ಥೆ ಸರಾಸರಿ 60 ಅಥವಾ ಅದಕ್ಕಿಂತ ಹೆಚ್ಚು ಬಂದವರಿಗೆ ಸಹಾಯಧನ ಕೊಡುತ್ತದೆ ಎಂದಿಟ್ಟುಕೊಳ್ಳಿ. ನಮ್ಮ 'ಸರಾಸರಿ' ಮೆಥಡ್ ಅಂಕಗಳನ್ನು ಕೂಡಿಸಿ, ಅರೇಯ ಲೆಂಗ್ತಿನಿಂದ ಭಾಗಿಸುತ್ತದೆ. ಎಲ್ಲ ಸರಿ. ಆದರೆ ಮೂರು ಚುಕ್ಕೆಗಳ ಅರ್ಥ 'ಒಂದು ಅಥವಾ ಹೆಚ್ಚು' ಅಲ್ಲ. 'ಸೊನ್ನೆ ಅಥವಾ ಹೆಚ್ಚು'. ಏನೂ ಕೊಡದೆ ಸರಾಸರಿ() ಎಂದು ಕರೆದರೂ ಕಂಪೈಲರ್ ಒಪ್ಪುತ್ತದೆ, ಖಾಲಿ ಚೀಲ ಕಳುಹಿಸುತ್ತದೆ. ಪರೀಕ್ಷಾ ವಿಭಾಗದಿಂದ ಅಂಕಗಳು ಇನ್ನೂ ಬಾರದ ವಿದ್ಯಾರ್ಥಿನಿಯ ಅರೇ ಖಾಲಿಯಾಗಿದ್ದರೂ ಅದೇ ಸ್ಥಿತಿ.

ಆಗ ಏನಾಗುತ್ತದೆ? ಮೊತ್ತವನ್ನು ಇಂಟ್ ಆಗಿ ಇಟ್ಟು ಹಾಗೆಯೇ ಭಾಗಿಸಿದ್ದರೆ ಸೊನ್ನೆಯಿಂದ ಭಾಗಾಕಾರ; ಪ್ರೋಗ್ರಾಂ ಎಕ್ಸೆಪ್ಷನ್ ಎಸೆದು ನಿಲ್ಲುತ್ತದೆ. ಕಿರಿಕಿರಿಯಾದರೂ ಇದು ಒಳ್ಳೆಯದೇ, ತಪ್ಪು ಗೊತ್ತಾಯಿತು. ಆದರೆ ಸರಾಸರಿಗೆ ದಶಮಾಂಶ ಬೇಕಲ್ಲವೇ? ಹಾಗಾಗಿ ಯಾರೂ ಮೊತ್ತವನ್ನು ಡಬಲ್ ಮಾಡುತ್ತಾರೆ. ಡಬಲ್‌ನಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಎಕ್ಸೆಪ್ಷನ್ ಬರುವುದಿಲ್ಲ. 'ನ್ಯಾನ್' ಎಂಬ ವಿಶೇಷ ಬೆಲೆ ಬರುತ್ತದೆ, 'ಇದು ಸಂಖ್ಯೆಯೇ ಅಲ್ಲ' ಎಂದು ಅದರ ಅರ್ಥ. ಈ ನ್ಯಾನ್ ಅನ್ನು ಯಾವ ಸಂಖ್ಯೆಗೆ ಹೋಲಿಸಿದರೂ ದೊಡ್ಡದೇ? ಅಲ್ಲ. ಚಿಕ್ಕದೇ? ಅಲ್ಲ. ಸಮವೇ? ಅದೂ ಅಲ್ಲ.

ಈಗ ನೋಡಿ. 'ಸರಾಸರಿ 60ಕ್ಕೆ ಸಮ ಅಥವಾ ಹೆಚ್ಚಿದ್ದರೆ ಪಟ್ಟಿಗೆ ಸೇರಿಸು' ಎಂದು ಬರೆದಿದ್ದರೆ ಆ ಹುಡುಗಿಯ ಹೆಸರು ಪಟ್ಟಿಗೆ ಸೇರುವುದಿಲ್ಲ. 'ಸರಾಸರಿ 60ಕ್ಕಿಂತ ಕಡಿಮೆಯಿದ್ದರೆ ಕೈಬಿಡು, ಇಲ್ಲವಾದರೆ ಸೇರಿಸು' ಎಂದು ಬರೆದಿದ್ದರೆ ಸೇರುತ್ತದೆ. ಕನ್ನಡದಲ್ಲಿ ಎರಡೂ ವಾಕ್ಯಗಳ ಅರ್ಥ ಒಂದೇ. ಅಂಕಗಳೇ ಬಾರದ ಒಬ್ಬಳ ಭವಿಷ್ಯ ಪ್ರೋಗ್ರಾಂ ಬರೆದವರು ಷರತ್ತನ್ನು ಯಾವ ಕಡೆಯಿಂದ ಬರೆದರು ಎಂಬುದರ ಮೇಲೆ ನಿಂತಿತು. ಎರಡೂ ಉತ್ತರಗಳು ತಪ್ಪು. 'ಅಂಕಗಳು ಬಂದಿಲ್ಲ, ವಿಚಾರಿಸಿ' ಎಂಬುದೇ ಸರಿಯಾದ ಉತ್ತರ.

ಪರಿಹಾರ ಇದೆ. ಕನಿಷ್ಠ ಒಂದು ಅಂಕ ಬೇಕೇ ಬೇಕೆಂದಾದರೆ ಮೊದಲನೆಯದನ್ನು ಬೇರೆಯಾಗಿ ಕೇಳಿ:

ಡಬಲ್ ಸರಾಸರಿ(ಇಂಟ್ ಮೊದಲನೆಯದು, ಇಂಟ್... ಉಳಿದವು)

ಈಗ ಖಾಲಿ ಆವರಣ ಬರೆದರೆ ಕಂಪೈಲರ್ ಅಲ್ಲಿಯೇ ತಡೆಯುತ್ತದೆ. ಜಾವಾದ ಗ್ರಂಥಾಲಯ ಬರೆದ ಹಿರಿಯರಲ್ಲಿ ಒಬ್ಬರಾದ ಜೋಶುವಾ ಬ್ಲಾಕ್ ಅವರು ತಮ್ಮ 'ಎಫೆಕ್ಟಿವ್ ಜಾವಾ' ಪುಸ್ತಕದಲ್ಲಿ ಈ ಕ್ರಮವನ್ನೇ ಶಿಫಾರಸು ಮಾಡಿದ್ದಾರೆ. ಆದರೆ ನನ್ನ ಅಭಿಪ್ರಾಯವನ್ನೂ ಹೇಳಬೇಕು. ಅಂಕಗಳು ಕಡತದಿಂದಲೋ ಡೇಟಾಬೇಸಿನಿಂದಲೋ ಅರೇಯಾಗಿಯೇ ಬರುವುದಾದರೆ ಈ ವಿಧಾನ ಒಗ್ಗುವುದಿಲ್ಲ. ಅರೇಯ ತಲೆಯನ್ನು ಕತ್ತರಿಸಿ ಬೇರೆ ಕೊಡಬೇಕಾಗುತ್ತದೆ. ಅಲ್ಲಿ ಮೂರು ಚುಕ್ಕೆಗಳ ಆಸೆ ಬಿಟ್ಟು, ನೇರವಾಗಿ ಅರೇ ತೆಗೆದುಕೊಂಡು, ಲೆಂಗ್ತ್ ಸೊನ್ನೆಯೇ ಎಂದು ಮೊದಲ ಸಾಲಿನಲ್ಲಿ ಪರೀಕ್ಷಿಸಿ, ಹೌದಾದರೆ ಎಕ್ಸೆಪ್ಷನ್ ಎಸೆಯುವುದು ಮೇಲು.

ಇದಕ್ಕಿಂತ ಮೋಸದ ಇನ್ನೊಂದು ಸಂದರ್ಭ ಇದೆ. ಆಯ್ಕೆಯಾದವರ ನೋಂದಣಿ ಸಂಖ್ಯೆಗಳು ಒಂದು ಇಂಟ್ ಅರೇಯಲ್ಲಿವೆ. 107 ಅದರಲ್ಲಿದೆಯೇ ಎಂದು ನೋಡಬೇಕು. ಅರೇಯಲ್ಲಿ ನೇರವಾಗಿ ಹುಡುಕುವ ಕಂಟೇನ್ಸ್ ಮೆಥಡ್ ಇಲ್ಲ, ಲಿಸ್ಟಿನಲ್ಲಿ ಇದೆ. ಆದ್ದರಿಂದ ಹೆಚ್ಚಿನವರು ಅರೇಸ್ ಕ್ಲಾಸಿನ ಆಸ್‌ಲಿಸ್ಟ್ ಮೆಥಡಿಗೆ ಅರೇಯನ್ನು ಕೊಟ್ಟು, ಅಲ್ಲಿಯೇ ಮುಂದೆ ಕಂಟೇನ್ಸ್ 107 ಎಂದು ಕೇಳುತ್ತಾರೆ. ಒಂದೇ ಸಾಲು. ನೋಡಲು ಚೆನ್ನಾಗಿದೆ. ಕಂಪೈಲ್ ಆಗುತ್ತದೆ, ಓಡುತ್ತದೆ. ಉತ್ತರ ಮಾತ್ರ ಯಾವಾಗಲೂ 'ಇಲ್ಲ'.

ಕಾರಣವನ್ನು ಚೀಲದ ಭಾಷೆಯಲ್ಲೇ ಹೇಳುತ್ತೇನೆ. ಆಸ್‌ಲಿಸ್ಟ್ ಬೇಡುವುದು ಆಬ್ಜೆಕ್ಟುಗಳ ಚೀಲವನ್ನು. ಇಂಟ್ ಎಂಬುದು ಆಬ್ಜೆಕ್ಟ್ ಅಲ್ಲ, ಪ್ರಿಮಿಟಿವ್. ಹಾಗಾಗಿ ಇಂಟ್ ಅರೇಯನ್ನು ಆಬ್ಜೆಕ್ಟುಗಳ ಅರೇಯೆಂದು ಕಂಪೈಲರ್ ಪರಿಗಣಿಸಲಾರದು. ಆದರೆ ಅರೇ ತಾನೇ ಒಂದು ಆಬ್ಜೆಕ್ಟ್! ಆದ್ದರಿಂದ ಕಂಪೈಲರ್ ನಿಮ್ಮ ಚೀಲವನ್ನು ಒಂದು ಸಾಮಾನು ಎಂದು ಎಣಿಸಿ, ಅದನ್ನು ಮತ್ತೊಂದು ಚೀಲದೊಳಗೆ ಇಟ್ಟು ಕಳುಹಿಸುತ್ತದೆ. ಐನೂರು ಸಂಖ್ಯೆಗಳಿದ್ದರೂ ಲಿಸ್ಟಿನ ಉದ್ದ ಒಂದೇ. ಆ ಒಂದೇ ಸಾಮಾನಿನಲ್ಲಿ 107ನ್ನು ಹುಡುಕಿದರೆ ಸಿಗುವುದೆಲ್ಲಿಂದ? ಆಟೋಬಾಕ್ಸಿಂಗ್ ಇದೆಯಲ್ಲ ಎನ್ನಬೇಡಿ. ಅದು ಬಿಡಿ ಇಂಟ್ ಅನ್ನು ಇಂಟಿಜರ್ ಮಾಡುತ್ತದೆಯೇ ಹೊರತು ಇಡೀ ಇಂಟ್ ಅರೇಯನ್ನು ಇಂಟಿಜರ್ ಅರೇ ಮಾಡುವುದಿಲ್ಲ.

ಫಲಿತಾಂಶವನ್ನು ಮೊದಲು 'ಇಂಟಿಜರ್‌ಗಳ ಲಿಸ್ಟ್' ಎಂದು ಘೋಷಿಸಿದ ವೇರಿಯಬಲ್‌ನಲ್ಲಿ ಇಟ್ಟುಕೊಂಡಿದ್ದರೆ ಕಂಪೈಲರ್ ಜಾತಿ ಹೊಂದುತ್ತಿಲ್ಲವೆಂದು ಹೇಳಿಬಿಡುತ್ತಿತ್ತು. ಎಲ್ಲವನ್ನೂ ಒಂದೇ ಸಾಲಿನಲ್ಲಿ ಮುಗಿಸುವ ಹುರುಪಿನಲ್ಲಿ ಆ ಕಾವಲುಗಾರನನ್ನು ನಾವೇ ಕಳೆದುಕೊಂಡೆವು. 2018ರ ಜಾವಾ 10ರಲ್ಲಿ ಬಂದ 'ವಾರ್' ಪದವನ್ನು ಬಳಸಿ ಜಾತಿ ಬರೆಯದೇ ಬಿಟ್ಟರೂ ಇದೇ ಕಥೆ. ಸರಳವಾದ ಫಾರ್ ಲೂಪ್ ಬರೆದು ಒಂದೊಂದಾಗಿ ಹೋಲಿಸಿ, ನಾಚಿಕೆಯೇನಿಲ್ಲ. ಇಲ್ಲವೇ 2014ರ ಜಾವಾ 8ರ ಇಂಟ್‌ಸ್ಟ್ರೀಮ್ ಬಳಸಿ.

ನಿಮ್ಮ ಚೀಲವೇ ಒಳಗೆ ಹೋಗುತ್ತದೆ ಎಂದೆನಲ್ಲ, ಅದರಲ್ಲಿಯೂ ಒಂದು ಅಪಾಯ. 'ಗರಿಷ್ಠ' ಎಂಬ ಮೆಥಡ್ ಬರೆದವರು ಒಳಗೆ ಅರೇಯನ್ನು ಸಾರ್ಟ್ ಮಾಡಿ ಕೊನೆಯದನ್ನು ಹಿಂದಿರುಗಿಸುತ್ತಾರೆ ಎಂದುಕೊಳ್ಳಿ. ಬಿಡಿ ಸಂಖ್ಯೆ ಕೊಟ್ಟು ಪರೀಕ್ಷಿಸಿದಾಗ ಯಾವ ತೊಂದರೆಯೂ ಕಾಣುವುದಿಲ್ಲ. ಕಂಪೈಲರ್ ಮಾಡಿದ ತಾತ್ಕಾಲಿಕ ಅರೇ ತಾನೇ ಅದಲುಬದಲಾದದ್ದು? ಆದರೆ ಯಾರೋ ಹಾಜರಿ ಕ್ರಮದಲ್ಲಿದ್ದ ಅಂಕಗಳ ಅರೇಯನ್ನೇ ಕೊಟ್ಟರೆ, ಕೆಲಸ ಮುಗಿಯುವಷ್ಟರಲ್ಲಿ ಆ ಅರೇ ಏರಿಕೆ ಕ್ರಮಕ್ಕೆ ತಿರುಗಿರುತ್ತದೆ. ಹೆಸರುಗಳ ಅರೇ ಹಾಗೆಯೇ ಇದೆ. ಒಬ್ಬರ ಅಂಕ ಇನ್ನೊಬ್ಬರ ಹೆಸರಿನ ಎದುರಿಗೆ ಬಂದು ಕುಳಿತಿತು. ಬಂದ ಅರೇಯನ್ನು ಬದಲಿಸಲೇಬೇಕಾದರೆ ಮೊದಲು ಕ್ಲೋನ್ ಮಾಡಿಕೊಳ್ಳಿ.

ನಲ್ ಬಗ್ಗೆ ಒಂದೇ ಮಾತು. ಸ್ಟ್ರಿಂಗ್ ಚುಕ್ಕೆಗಳ ಮೆಥಡಿಗೆ ಬರೀ ನಲ್ ಕೊಟ್ಟರೆ ಅದು 'ನಲ್ ಇರುವ ಚೀಲ' ಅಲ್ಲ, 'ಚೀಲವೇ ಇಲ್ಲ' ಎಂದಾಗುತ್ತದೆ. ಒಳಗೆ ಲೆಂಗ್ತ್ ಕೇಳಿದ ಕೂಡಲೇ ನಲ್ ಪಾಯಿಂಟರ್ ಎಕ್ಸೆಪ್ಷನ್. ಕಂಪೈಲರ್ ಇಲ್ಲಿ ಎಚ್ಚರಿಕೆ ಕೊಡುತ್ತದೆ. ಎಚ್ಚರಿಕೆಗಳನ್ನು ಓದದೆ ಮುಂದಕ್ಕೆ ಹೋಗುವುದು ನಮ್ಮ ಲ್ಯಾಬುಗಳ ಹಳೆಯ ರೋಗ.

ಒಂದೇ ಹೆಸರಿನ ಹಲವು ಮೆಥಡುಗಳಿದ್ದಾಗ ಯಾವುದಕ್ಕೆ ಮೊದಲ ಅವಕಾಶ? ಸಂದರ್ಶನಗಳಲ್ಲಿ ಕೇಳುವ ಪ್ರಶ್ನೆಯಿದು, ಆದ್ದರಿಂದ ಗಮನವಿಟ್ಟು ಕೇಳಿ. ಕಂಪೈಲರ್ ಮೂರು ಸುತ್ತು ಹುಡುಕುತ್ತದೆ. ಮೊದಲ ಸುತ್ತಿನಲ್ಲಿ ಬಾಕ್ಸಿಂಗ್ ಇಲ್ಲದೆ, ಚುಕ್ಕೆಗಳಿಲ್ಲದೆ ಹೊಂದುವುದನ್ನು ನೋಡುತ್ತದೆ. ಸಿಗದಿದ್ದರೆ ಎರಡನೆಯ ಸುತ್ತಿನಲ್ಲಿ ಬಾಕ್ಸಿಂಗ್‌ಗೆ ಅನುಮತಿ. ಅಲ್ಲಿಯೂ ಸಿಗದಿದ್ದರೆ ಮಾತ್ರ ಮೂರನೆಯ ಸುತ್ತಿನಲ್ಲಿ ಚುಕ್ಕೆಗಳ ಮೆಥಡಿಗೆ ಸರದಿ. 'ತೋರಿಸು' ಎಂಬ ಮೆಥಡ್ ಲಾಂಗ್‌ಗೆ ಒಂದು, ಇಂಟಿಜರ್‌ಗೆ ಒಂದು, ಇಂಟ್ ಚುಕ್ಕೆಗಳಿಗೆ ಒಂದು ಇದ್ದು, ನೀವು 5 ಕೊಟ್ಟರೆ ಓಡುವುದು ಲಾಂಗ್ ಇರುವ ಮೆಥಡ್. ಚುಕ್ಕೆಗಳ ಮೆಥಡ್ ಯಾವಾಗಲೂ ಕೊನೆಯ ಸಾಲಿನವನು. ಇದು ಬೇಕೆಂದೇ ಮಾಡಿದ ಏರ್ಪಾಡು. 2004ಕ್ಕೆ ಮೊದಲು ಬರೆದ ಪ್ರೋಗ್ರಾಮುಗಳ ಅರ್ಥ ಕೆಡಬಾರದಲ್ಲ.

ಆದರೆ ಇದರ ಇನ್ನೊಂದು ಮುಖ ನೋಡಿ. ಇಂದು ಎಲ್ಲರೂ ನಿಮ್ಮ ಚುಕ್ಕೆಗಳ ಮೆಥಡನ್ನು ಕರೆಯುತ್ತಿದ್ದಾರೆ. ನಾಳೆ ಯಾರೋ ಅದೇ ಹೆಸರಿನಲ್ಲಿ ಎರಡು ಇಂಟ್‌ಗಳ ಮೆಥಡ್ ಸೇರಿಸಿದರೆ, ಮರಳಿ ಕಂಪೈಲ್ ಮಾಡಿದಾಗ ಎರಡು ಆರ್ಗ್ಯುಮೆಂಟಿನ ಕರೆಗಳೆಲ್ಲ ಅತ್ತ ತಿರುಗುತ್ತವೆ. ಕರೆಯುವ ಸಾಲಿನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಇನ್ನು ಇಂಟ್ ಚುಕ್ಕೆಗಳದ್ದು ಒಂದು, ಇಂಟಿಜರ್ ಚುಕ್ಕೆಗಳದ್ದು ಒಂದು ಬರೆದು 1, 2 ಎಂದು ಕರೆದರೆ ಕಂಪೈಲರ್ ಕೈಚೆಲ್ಲಿ 'ಎರಡರಲ್ಲಿ ಯಾವುದು?' ಎಂದು ನಿಮ್ಮನ್ನೇ ಕೇಳುತ್ತದೆ.

ಪ್ರತಿ ಕರೆಗೂ ಹೊಸ ಅರೇ ಹುಟ್ಟುವುದರಿಂದ ಸ್ವಲ್ಪ ಖರ್ಚೂ ಇದೆ. ನಮ್ಮ ನಿಮ್ಮ ಪ್ರೋಗ್ರಾಮುಗಳಲ್ಲಿ ಅದು ಲೆಕ್ಕಕ್ಕೆ ಬಾರದು. ಆದರೆ ಲಕ್ಷಾಂತರ ಬಾರಿ ಕರೆಯಲ್ಪಡುವ ಗ್ರಂಥಾಲಯದ ಮೆಥಡುಗಳಲ್ಲಿ ಬರುತ್ತದೆ. 2017ರ ಜಾವಾ 9ರಲ್ಲಿ ಬಂದ ಲಿಸ್ಟ್ ಆಫ್ ಮೆಥಡನ್ನು ದಾಖಲೆಯಲ್ಲಿ ತೆರೆದು ನೋಡಿ. ಸೊನ್ನೆಯಿಂದ ಹತ್ತು ಆರ್ಗ್ಯುಮೆಂಟುಗಳವರೆಗೆ ಹನ್ನೊಂದು ಬೇರೆಬೇರೆ ಮೆಥಡುಗಳು, ಆಮೇಲೆ ಹನ್ನೆರಡನೆಯದಾಗಿ ಚುಕ್ಕೆಗಳದ್ದು. ಈ ಸೌಲಭ್ಯ ಬರುವ ಮೊದಲು ನಾವು ಕೈಯಿಂದ ಬರೆಯುತ್ತಿದ್ದ ಪದ್ಧತಿಯನ್ನೇ ಅವರು ಬೇಕೆಂದು ಉಳಿಸಿಕೊಂಡಿದ್ದಾರೆ!

ಜೆನೆರಿಕ್ಸ್ ಜೊತೆ ಚುಕ್ಕೆಗಳನ್ನು ಸೇರಿಸಿದಾಗ ಬರುವ 'ಅನ್‌ಚೆಕ್ಡ್' ಎಚ್ಚರಿಕೆಯನ್ನು ನೀವು ಕಂಡಿರಬಹುದು. ಒಳಗಿನ ಅರೇಗೆ ತನ್ನ ಸಾಮಾನಿನ ಪೂರ್ತಿ ಜಾತಿ ಓಡುವಾಗ ತಿಳಿದಿರುವುದಿಲ್ಲ, ಅದಕ್ಕೇ ಆ ಎಚ್ಚರಿಕೆ. 2011ರ ಜಾವಾ 7ರಲ್ಲಿ ಬಂದ 'ಸೇಫ್‌ವಾರ್‌ಆರ್ಗ್ಸ್' ಎಂಬ ಗುರುತು ಹಾಕಿದರೆ ಅದು ನಿಲ್ಲುತ್ತದೆ. ಆದರೆ ಅದು ಔಷಧಿಯಲ್ಲ, ಮೆಥಡ್ ಬರೆದವರು ಕೊಡುವ ಮಾತು: ಈ ಅರೇಯಲ್ಲಿ ನಾನು ಏನನ್ನೂ ತುರುಕುವುದಿಲ್ಲ, ಇದನ್ನು ಹೊರಗೆ ಬಿಟ್ಟುಕೊಡುವುದೂ ಇಲ್ಲ ಎಂದು. ಕಂಪೈಲರ್ ಆ ಮಾತನ್ನು ಪರೀಕ್ಷಿಸುವುದಿಲ್ಲ, ನಂಬುತ್ತದೆ.

ಹಾಗಾದರೆ ಎಲ್ಲಿ ಬಳಸಬೇಕು? ಎಷ್ಟು ಬರುತ್ತದೆ ಎಂದು ನಿಜಕ್ಕೂ ಗೊತ್ತಿಲ್ಲದಿರುವಲ್ಲಿ, ಬಂದ ಎಲ್ಲವೂ ಒಂದೇ ಬಗೆಯವಾಗಿರುವಲ್ಲಿ, ಏನೂ ಬಾರದಿದ್ದರೂ ಉತ್ತರಕ್ಕೆ ಅರ್ಥವಿರುವಲ್ಲಿ. ಸ್ಟ್ರಿಂಗ್ ಕ್ಲಾಸಿನ ಜಾಯಿನ್ ಒಳ್ಳೆಯ ಮಾದರಿ: ಅಲ್ಪವಿರಾಮ ಕೊಟ್ಟು, ಎಷ್ಟು ಪದ ಬೇಕಾದರೂ ಕೊಡಿ, ಪದವೇ ಕೊಡದಿದ್ದರೆ ಖಾಲಿ ಸ್ಟ್ರಿಂಗ್. ಬಳಸಬಾರದ ಕಡೆ ಒಂದನ್ನು ಹೇಳುತ್ತೇನೆ. 'ದಾಖಲಿಸು' ಎಂಬ ಮೆಥಡಿಗೆ ಮೊದಲು ಸ್ಟ್ರಿಂಗ್ ಹೆಸರು, ಆಮೇಲೆ ಸ್ಟ್ರಿಂಗ್ ಚುಕ್ಕೆಗಳು ವಿಷಯಗಳು. ಕರೆಯುವವರು ಅವಸರದಲ್ಲಿ ಹೆಸರು ಬಿಟ್ಟು 'ಗಣಿತ, ಕನ್ನಡ' ಎಂದಷ್ಟೇ ಕೊಟ್ಟರೆ 'ಗಣಿತ' ಎಂಬ ವಿದ್ಯಾರ್ಥಿ ಕನ್ನಡಕ್ಕೆ ದಾಖಲಾಗುತ್ತಾನೆ. ಕಂಪೈಲರಿಗೆ ಎರಡೂ ಸ್ಟ್ರಿಂಗ್ ತಾನೆ!

ಕೊನೆಯದಾಗಿ ನಿಮಗೆಲ್ಲ ಪರಿಚಯವಿರುವ ಮೇನ್ ಮೆಥಡ್. ಅಲ್ಲಿ ಸ್ಟ್ರಿಂಗ್ ಮುಂದೆ ಚೌಕ ಆವರಣ ಬರೆಯುವ ಬದಲು ಮೂರು ಚುಕ್ಕೆ ಬರೆದರೂ ಜಾವಾ 5ರಿಂದ ಇಂದಿನವರೆಗೆ ಪ್ರೋಗ್ರಾಂ ಓಡುತ್ತದೆ. ಒಳಗೆ ಎರಡೂ ಒಂದೇ ಅರೇ ಎಂಬುದಕ್ಕೆ ಇದಕ್ಕಿಂತ ಸುಲಭದ ಸಾಕ್ಷಿ ಬೇಡ. 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25ರಲ್ಲಿ ಆ ಪ್ಯಾರಾಮೀಟರನ್ನು ಪೂರ್ತಿ ಬಿಟ್ಟರೂ ನಡೆಯುತ್ತದೆ. ಇಂದು ಸಂಜೆ ಲ್ಯಾಬಿನಲ್ಲಿ ಕುಳಿತು, ಬಂದ ಅರೇಯ ಲೆಂಗ್ತನ್ನು ಮಾತ್ರ ಮುದ್ರಿಸುವ 'ಎಣಿಸು' ಎಂಬ ಮೆಥಡನ್ನು ಆಬ್ಜೆಕ್ಟ್ ಚುಕ್ಕೆಗಳೊಂದಿಗೆ ಬರೆಯಿರಿ. ಅದಕ್ಕೆ ಮೊದಲು ಏನೂ ಕೊಡಬೇಡಿ. ಆಮೇಲೆ ಮೂರು ಸಂಖ್ಯೆ ಕೊಡಿ. ಆಮೇಲೆ ಮೂರು ಸಂಖ್ಯೆಗಳ ಇಂಟಿಜರ್ ಅರೇ. ಆಮೇಲೆ ಅದೇ ಮೂರು ಸಂಖ್ಯೆಗಳ ಇಂಟ್ ಅರೇ. ಓಡಿಸುವ ಮೊದಲು ನಾಲ್ಕು ಉತ್ತರಗಳನ್ನೂ ಕಾಗದದ ಮೇಲೆ ಬರೆದಿಟ್ಟುಕೊಂಡು, ಆಮೇಲೆ ಪರದೆಯ ಜೊತೆ ಹೋಲಿಸಿ ನೋಡಿ.